ಪಾಲವಣಕರ ಬಾಳೂ

ಆಟವೆಂದರೆ ಹೊತ್ತುಗಳೆಯುವ ಕೆಲಸವೆಂದು ನಮ್ಮ ಹಿರಿಯರಲ್ಲಿ ಹಲವರು ತಿಳಿದಿರುವರು. ಹಾರೂಗೇರಿಯ ಬಳಿ ಕಬ್ಬು ಕಡಿದ ಹೊಲದಲ್ಲಿ ನಾವು ಹುಡುಗರು ಕ್ರಿಕೆಟ್ ಆಡುವದನ್ನು ಕಂಡರೆ, ಇದರಿಂದ ಯಾರ ಹೊಟ್ಟೆ ತುಂಬೀತೆಂದು ನನ್ನ ತಂದೆಯವರು ಕೇಳುತ್ತಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಪಾಲವಣಕರ ಬಾಳೂ ಅವರ ಜೀವನವನ್ನು ಓದಿ ತಿಳಿದ ಮೇಲೆ, ಉತ್ತರದ ಒಂದು ಪಾಲಾದರೂ ಸಿಕ್ಕಿತೆಂದು ನನಗೆ ಅನಿಸಿದೆ.

ಬಾಳೂ ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರ ಸುಮಾರಿಗೆ. ಅವರದು ಚರ್ಮಗೆಲಸದ ಕುಲ. ನಮ್ಮ ಕಡೆ ಸಮಗಾರರೆಂದು ಕರೆಯುವ ಜನ. ಆ ಕಾಲದ ಸಮಾಜವು ಅವರನ್ನು ಅಸ್ಪೃಶ್ಯರೆಂದು ದೂರವಿಟ್ಟಿತ್ತು. ತಂದೆ ಸೈನ್ಯದಲ್ಲಿದ್ದುದರಿಂದ ಬಾಲ್ಯವು ಪುಣೆಯಲ್ಲಿ ಕಳೆಯಿತು. ಅಲ್ಲಿ ಒಂದು ಪಾರ್ಸಿ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ತಿಂಗಳಿಗೆ 3 ರೂಪಾಯಿ ಪಗಾರ. ಮುಂದೆ ಗೋರೆಯವರ ಪುಣೆ ಕ್ಲಬ್ಬಿನಲ್ಲಿ 4 ರೂಪಾಯಿ. ಹುಲ್ಲು ಕತ್ತರಿಸುವದು, ರೋಲರ್ ಎಳೆಯುವದು, ಬಲೆ ಕಟ್ಟುವದು ಅವರ ದಿನದ ದುಡಿಮೆ.

ಬರಬರುತ್ತ ಗೋರೆಯವರು ಅಭ್ಯಾಸಕ್ಕಾಗಿ ಅವರಿಂದ ಬೋಲಿಂಗ್ ಮಾಡಿಸತೊಡಗಿದರು. ಎಡಗೈಯ ನಿಧಾನಗತಿಯ ಆ ಚೆಂಡು ಎತ್ತ ತಿರುಗೀತೆಂದು ತಿಳಿಯುವದು ಕಠಿಣ. ಜೆ. ಜಿ. ಗ್ರೆಗ್ ಎಂಬ ಪ್ರಸಿದ್ಧ ಆಟಗಾರನು ತನ್ನನ್ನು ಔಟು ಮಾಡಿದಾಗಲೆಲ್ಲ ಅವರಿಗೆ ಎಂಟಾಣೆ ಕೊಡುತ್ತಿದ್ದನೆಂದು ಪ್ರತೀತಿಯಿದೆ. ಆದರೆ ಬ್ಯಾಟು ಹಿಡಿಯುವದು ಒಡೆಯರ ಹಕ್ಕು. ಅದನ್ನು ಅವರ ಕೈಗೆ ಯಾರೂ ಕೊಡಲಿಲ್ಲ.

ಪುಣೆಯ ಹಿಂದೂಗಳಿಗೆ ಯುರೋಪಿಯನ್ನರನ್ನು ಸೋಲಿಸುವ ಹಂಬಲ. ಅದಕ್ಕೆ ಬಾಳೂ ಬೇಕು. ಬಹಳ ಚರ್ಚೆಯ ತರುವಾಯ ಅವರನ್ನು ತಂಡಕ್ಕೆ ತೆಗೆದುಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟುವ ಅದೇ ಚೆಂಡನ್ನು ಅವರೂ ಮುಟ್ಟಬಹುದಾಗಿತ್ತು. ಚಹಾದ ವೇಳೆಗೆ ಮಾತ್ರ ಅವರು ಹೊರಗೆ. ಅವರ ಚಹಾ ಬೇರೆ ಮಣ್ಣಿನ ಕುಡಿಕೆಯಲ್ಲಿ. ಇದನ್ನು ಓದಿದಾಗ ನನಗೆ ನನ್ನ ಅಜ್ಜನ ನೆನಪಾಯಿತು. ಚಹಾದಂಗಡಿಯ ಚಪ್ಪರದಲ್ಲಿ ತನಗಾಗಿ ಸಿಕ್ಕಿಸಿಟ್ಟ ಬಸಿಯನ್ನು ತಾನೇ ತೊಳೆದು, ತಾನೇ ತಿರುಗಿ ಇಡುತ್ತಿದ್ದುದನ್ನು ಅಜ್ಜ ಸಿಟ್ಟಿಲ್ಲದೆ ಹೇಳುತ್ತಿದ್ದ. ಆ ಸಿಟ್ಟಿಲ್ಲದಿರುವಿಕೆಯೇ ನನಗೆ ಇಂದಿಗೂ ನೋವಿನ ಸಂಗತಿ.

1896ರ ಪ್ಲೇಗಿನ ದಿನಗಳಲ್ಲಿ ಬಾಳೂ ಮುಂಬಯಿಗೆ ಬಂದರು. ಅಲ್ಲಿಯ ಹಿಂದೂ ಜಿಮಖಾನೆಯು ಪುಣೆಗಿಂತ ಉದಾರವಾಗಿತ್ತು. ಆಟಗಾರರು ಒಟ್ಟಿಗೆ ಕುಳಿತು ಊಟ ಮಾಡುವದಿತ್ತು. 1906ರ ಫೆಬ್ರುವರಿಯಲ್ಲಿ ಹಿಂದೂ ತಂಡವು 242 ಮತ್ತು 160 ರನ್ನು ಗಳಿಸಿ, ಯುರೋಪಿಯನ್ನರನ್ನು 191 ಮತ್ತು 102ಕ್ಕೆ ಕೆಡವಿ 109 ರನ್ನುಗಳಿಂದ ಗೆದ್ದಿತು. ಆ ಗೆಲುವಿನಲ್ಲಿ ಬಾಳೂ ಅವರ ಬೋಲಿಂಗಿನದು ದೊಡ್ಡ ಪಾಲು. ತಮ್ಮ ಶಿವರಾಮನೂ ಜೊತೆಗಿದ್ದನು. 1911ರಲ್ಲಿ ಪಟಿಯಾಲದ ಮಹಾರಾಜರ ನೇತೃತ್ವದಲ್ಲಿ ಇಂಗ್ಲಂಡಕ್ಕೆ ಹೋದ ಭಾರತದ ತಂಡವು ಹೆಚ್ಚಾಗಿ ಸೋತೇ ಬಂದಿತು. ಬಾಳೂ ಮಾತ್ರ 114 ವಿಕೆಟ್ಟುಗಳನ್ನು ಪಡೆದು ಬಂದರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವವು ಅವರಿಗೆ ದೊರೆಯಲಿಲ್ಲ. 1907ರಲ್ಲಿ ಪಾರ್ಸಿ, ಹಿಂದೂ, ಯುರೋಪಿಯನ್ ತಂಡಗಳ ನಡುವೆ ಪ್ರಾರಂಭವಾದ ವಾರ್ಷಿಕ ಸ್ಪರ್ಧೆಯು, 1912ರಲ್ಲಿ ಮುಸ್ಲಿಮ್ ತಂಡವೂ ಸೇರಿ ನಾಲ್ಕು ತಂಡಗಳದಾಗಿತ್ತು. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರು, ಈ ಗೌರವವು ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ತಾವೇ ಬಹಿರಂಗವಾಗಿ ಒಪ್ಪಿಕೊಂಡರು. ಒಪ್ಪಿಕೊಂಡರೂ ವರ್ಷಗಳು ಹಾಗೆಯೇ ಉರುಳಿದವು.

1920ರ ಸ್ಪರ್ಧೆಯಲ್ಲಿ ಈ ಅನ್ಯಾಯವು ಬಯಲಿಗೆ ಬಂದಿತು. ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟರು. ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ, ಜಾತಿಯ ಕಾರಣದಿಂದ ಅಣ್ಣನಿಗಾದ ಅವಮಾನವನ್ನು ಪತ್ರಿಕೆಯ ಮೂಲಕ ಜನರ ಮುಂದಿಟ್ಟು, ತಾವೂ ಆಡುವದಿಲ್ಲವೆಂದು ಹಿಂದೆ ಸರಿದರು. ತಂಡದಲ್ಲಿ ಸ್ಥಾನ ಸಿಗುವದೇ ದುರ್ಲಭವಾಗಿದ್ದ ಮನೆತನದವರು ಸಿಕ್ಕ ಸ್ಥಾನವನ್ನು ಬಿಟ್ಟುಕೊಟ್ಟುದು ಸಣ್ಣ ಮಾತಲ್ಲ. ಮುಂದಿನ ಪಂದ್ಯಕ್ಕೆ ಸಹೋದರರು ಮರಳಿದರು, ಬಾಳೂ ಉಪನಾಯಕರಾದರು. ನಾಯಕ ಪೈ ಅವರು ನಡುನಡುವೆ ಮೈದಾನ ಬಿಟ್ಟು ಹೊರನಡೆದರು. ಆ ಹೊತ್ತಿನಲ್ಲಿ ತಂಡವನ್ನು ನಡೆಸಿದವರು ಬಾಳೂ. ಆಗ ಅವರಿಗೆ ವಯಸ್ಸು ನಾಲ್ವತ್ತನ್ನು ದಾಟಿತ್ತು. ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ದುಡಿಮೆಗೆ ದೊರೆತ ನಾಯಕತ್ವ ಅಷ್ಟೇ.

ಮೂರು ವರ್ಷಗಳ ತರುವಾಯ, 1923ರಲ್ಲಿ, ತಮ್ಮನಾದ ವಿಠ್ಠಲನು ಪೂರ್ಣಾಧಿಕಾರದ ನಾಯಕನಾದನು. ಆ ವರ್ಷವೇ ಹಿಂದೂ ತಂಡವು ಸ್ಪರ್ಧೆಯನ್ನು ಗೆದ್ದಿತು. 1925 ಹಾಗೂ 1926ರಲ್ಲಿ ಮತ್ತೆ ಗೆದ್ದಿತು.

ಬಾಳೂ ಮುಂದೆ ರಾಜಕಾರಣಕ್ಕೆ ಬಂದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಒಂದು ಕಾಲಕ್ಕೆ ತಮ್ಮ ಆಟವನ್ನು ಮೆಚ್ಚಿದ್ದ ಡಾ. ಅಂಬೇಡ್ಕರರ ಎದುರಿಗೆ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತರು. ಈ ವಿಷಯದಲ್ಲಿ ನನ್ನ ಮನಸ್ಸು ಅಂಬೇಡ್ಕರರ ಕಡೆಗಿದೆಯೆಂಬುದನ್ನು ಮುಚ್ಚಿಡಲಾರೆ. ಅದರಿಂದ ಬಾಳೂ ಅವರ ಮೇಲಿನ ಗೌರವವೇನೂ ಕುಂದುವದಿಲ್ಲ. 1955ರ ಜುಲೈ 4ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು.

ಈ ವರ್ಷ ಬಿ.ಎ. ಪರೀಕ್ಷೆಯಲ್ಲಿ ಪಾಸಾದರೆ ನಮ್ಮ ಮನೆತನದ ಮೊದಲ ಪದವೀಧರನು ನಾನೇ. ಪದವಿ ಬಂದ ಮಾತ್ರಕ್ಕೆ ಎಲ್ಲ ಬಾಗಿಲುಗಳು ತೆರೆಯುವವೆಂಬ ಭ್ರಮೆ ನನಗಿಲ್ಲ. ಮೊದಲು ಹೋದವನು ಹಲವು ಸಲ ಹೊಸ್ತಿಲಲ್ಲಿಯೇ ನಿಲ್ಲಬೇಕಾಗುವದೆಂದು ಬಾಳೂ ಅವರ ಬಾಳು ಹೇಳುತ್ತದೆ. ಆದರೆ ನನ್ನ ತಮ್ಮ ಈಗ ಒಂಬತ್ತನೆಯ ಇಯತ್ತೆಯಲ್ಲಿದ್ದಾನೆ. ಆಟದಿಂದ ಯಾರ ಹೊಟ್ಟೆ ತುಂಬೀತೆಂದು ತಂದೆಯವರು ಇನ್ನೊಮ್ಮೆ ಕೇಳಿದರೆ, ಈ ಅಣ್ಣತಮ್ಮಂದಿರ ಕಥೆಯನ್ನು ಹೇಳಬೇಕೆಂದಿದ್ದೇನೆ. ತಮ್ಮನೂ ಹತ್ತಿರ ಕುಳಿತು ಕೇಳಲಿ.