ಲೀವೈ ಸ್ಟ್ರಾಸನೂ ರೀನೋದ ದರ್ಜಿಯೂ

ಕಮಲಾಪುರದಿಂದ ಕಲಬುರಗಿಗೆ ಬೆಳಗಿನ ಹೊತ್ತು ಬರುವ ಬಸ್ಸನ್ನು ಹತ್ತಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಕಾಲೇಜಿಗೆ ಹೊರಟ ಹುಡುಗನೂ, ಕಟ್ಟಡದ ಕೆಲಸಕ್ಕೆ ಹೊರಟ ಕೂಲಿಯೂ, ಕೆಂಪು ಬಾಳೆಯ ತೋಟದ ಆಳೂ ತೊಟ್ಟಿರುವುದು ಒಂದೇ ಬಗೆಯ ದಪ್ಪನೆಯ ನೀಲಿ ಷರಾಯಿ. ಹುಡುಗನದು ಮೊಳಕಾಲಿನಲ್ಲಿ ಹರಿದಿದ್ದರೆ ಅದು ಷೋಕಿ. ಕೂಲಿಯದು ಹರಿದಿದ್ದರೆ ಅದು ಬರಿಯ ಸವೆತ. ಇಬ್ಬರ ಕಿಸೆಯ ಮೂಲೆಯಲ್ಲಿಯೂ ಲೋಹದ ಸಣ್ಣ ಮೊಳೆಯೊಂದು ಮಿನುಗುತ್ತಿರುತ್ತದೆ. ಅದು ಅಲ್ಲಿಗೆ ಹೇಗೆ ಬಂದಿತೆಂದು ಕೇಳುವವರು ವಿರಳ. ಕೇಳಿದವರಿಗೆ ಲೀವೈ ಸ್ಟ್ರಾಸನ ಬಾಳಿನ ಕಥೆಯನ್ನು ಹೇಳಬೇಕಾಗುತ್ತದೆ. (ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಹೆಸರನ್ನು ಕೇಳಿದೊಡನೆ ಪುರಾಣಗಳ ಕಟ್ಟಡವನ್ನು ಬಿಚ್ಚಿ ತೋರಿಸಿದ ಫ್ರೆಂಚ್ ಮಾನವಶಾಸ್ತ್ರಜ್ಞನು ನೆನಪಾದಾನು. ಈತನು ಬೇರೆ, ಜವಳಿಯ ವರ್ತಕ.)

ಆತನು ಹುಟ್ಟಿದ್ದು ೧೮೨೯ರ ಫೆಬ್ರವರಿ ೨೬ರಂದು, ಬವೇರಿಯಾದ ಬುಟನ್‌ಹೈಮ್ ಎಂಬ ಹಳ್ಳಿಯಲ್ಲಿ. ಹೆತ್ತವರು ಇಟ್ಟ ಹೆಸರು ಲೋಬ್. ಮನೆತನವು ಯೆಹೂದ್ಯರದು. ತಂದೆಯಾದ ಹಿರ್ಷನು ಗಂಟು ಹೊತ್ತು ಊರೂರು ತಿರುಗಿ ಬಟ್ಟೆಬರೆ ಮಾರುತ್ತಿದ್ದವನು. ಆ ಸೀಮೆಯಲ್ಲಿ ಯೆಹೂದ್ಯರ ವಾಸಕ್ಕೂ ಮದುವೆಗೂ ಸರಕಾರದ ಕಟ್ಟುಪಾಡುಗಳು ಬಿಗಿಯಾಗಿದ್ದವು. ೧೮೪೬ರಲ್ಲಿ ಹಿರ್ಷನು ಕ್ಷಯದಿಂದ ತೀರಿಕೊಂಡನು. ಬಳಿಕ ತಾಯಿ ರೆಬೆಕ್ಕಾ ಮಗನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹಡಗು ಹತ್ತಿದಳು. ನ್ಯೂಯಾರ್ಕಿನಲ್ಲಿ ಲೋಬನ ಮಲಅಣ್ಣಂದಿರು ಜವಳಿಯ ವ್ಯಾಪಾರ ನಡೆಸುತ್ತಿದ್ದರು. ಅಲ್ಲಿ ಕಸುಬು ಕಲಿತ ತರುಣನು ಲೀವೈ ಆದನು. ೧೮೫೩ರಲ್ಲಿ ಅಮೆರಿಕದ ಪ್ರಜೆಯೂ ಆಗಿ, ಅದೇ ವರ್ಷ ಪನಾಮಾದ ದಾರಿಯಿಂದ ಸಾನ್‌ಫ್ರಾನ್ಸಿಸ್ಕೋ ಸೇರಿದನು.

ಕ್ಯಾಲಿಫೋರ್ನಿಯದಲ್ಲಿ ಆಗ ಚಿನ್ನದ ಹುಚ್ಚು. ಡೇರೆಯ ಬಟ್ಟೆಯನ್ನು ಮಾರಲು ಹೋದ ಲೀವೈ, ಗಣಿಗಾರರ ಹರಿದ ಷರಾಯಿಗಳನ್ನು ಕಂಡು ಅದೇ ಬಟ್ಟೆಯಿಂದ ಷರಾಯಿ ಹೊಲಿಸಿದನೆಂಬ ಕಥೆಯೊಂದು ಬಹುಕಾಲದಿಂದ ಪ್ರಚಾರದಲ್ಲಿದೆ. ಕೇಳಲು ಸೊಗಸಾಗಿದೆ, ನಿಜವಲ್ಲ. ಆತನು ಇಪ್ಪತ್ತು ವರ್ಷ ಮಾಡಿದ್ದು ಸಗಟು ವ್ಯಾಪಾರ: ನ್ಯೂಯಾರ್ಕಿನಿಂದ ಬಂದ ಥಾನು, ಕಂಬಳಿ, ಒಳ ಉಡುಪು, ಕರವಸ್ತ್ರಗಳನ್ನು ಸಣ್ಣ ಅಂಗಡಿಗಳಿಗೆ ಒದಗಿಸುವುದು. ಭಾವನಾದ ಡೇವಿಡ್ ಸ್ಟರ್ನನು ಪಾಲುದಾರನಾಗಿದ್ದನು. ಲೆಕ್ಕದಲ್ಲಿ ಚೊಕ್ಕ, ಮಾತಿನಲ್ಲಿ ನಂಬಿಗಸ್ಥ ಎಂದು ಹೆಸರು ಪಡೆದ ಈ ವರ್ತಕನು ಷರಾಯಿಯ ಗೊಡವೆಗೇ ಹೋಗದೆ ಸಾಯಬಹುದಾಗಿತ್ತು.

ಆ ಮೊಳೆಯ ಕಥೆ ಆರಂಭವಾದುದು ಬೇರೊಬ್ಬನ ಮನೆಯಲ್ಲಿ. ನೆವಾಡದ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದನು. ರೀಗಾ ಪಟ್ಟಣದಲ್ಲಿ ೧೮೩೧ರಲ್ಲಿ ಹುಟ್ಟಿ ವಲಸೆ ಬಂದ ಈತನೂ ಯೆಹೂದ್ಯನೇ. ಡೇರೆ, ಗಾಡಿಯ ಮುಸುಕು, ಕುದುರೆಗೆ ಹೊದಿಸುವ ಕಂಬಳಿ ಇವೇ ಆತನ ಹೊಲಿಗೆ. ೧೮೭೦ರ ಕೊನೆಯಲ್ಲಿ ಹೆಂಗಸೊಬ್ಬಳು ಬಂದು, ಮರ ಕಡಿಯುವ ತನ್ನ ಗಂಡನಿಗೆ ಬೇಗನೆ ಹರಿಯದಂತಹ ಷರಾಯಿ ಬೇಕೆಂದು ಕೇಳಿದಳು. ಮೂರು ಡಾಲರನ್ನೂ ಕೊಟ್ಟಳು. ಡೇವಿಸನು ಲೀವೈಯ ಅಂಗಡಿಯಿಂದ ತರಿಸಿದ್ದ ಡಕ್ ಎಂಬ ಗಡುಸು ಬಟ್ಟೆಯನ್ನು ಕತ್ತರಿಸಿ ಹೊಲಿದನು. ಕಂಬಳಿಗೆ ಪಟ್ಟಿ ಕೂಡಿಸುವ ತಾಮ್ರದ ರಿವೆಟ್ಟುಗಳು ಅಲ್ಲಿಯೇ ಬಿದ್ದಿದ್ದವು. ಕೆಲಸಗಾರನ ಕಿಸೆ ಮೊದಲು ಕಿತ್ತುಬರುವುದು ಮೂಲೆಯಲ್ಲಿ ಎಂಬುದನ್ನು ದರ್ಜಿಯ ಕೈ ಬಲ್ಲದು. ಆ ಮೂಲೆಗಳಿಗೆ ರಿವೆಟ್ಟು ಬಡಿದು ಕೂರಿಸಿದನು. ಅಷ್ಟೆ. ಸುದ್ದಿ ಹಬ್ಬಿತು, ಒಂದೂವರೆ ವರ್ಷದೊಳಗೆ ಇನ್ನೂರರಷ್ಟು ಷರಾಯಿಗಳು ಮಾರಿಹೋದವು.

ಈ ಉಪಾಯವನ್ನು ಇತರರು ಕದಿಯುವರೆಂದು ಡೇವಿಸನಿಗೆ ಭಯ. ಪೇಟೆಂಟಿಗೆ ಬೇಕಾದುದು ಅರವತ್ತೆಂಟು ಡಾಲರು. ಹಿಂದೆ ಇಂತಹ ಸಾಹಸಗಳಿಗೆ ಹಣ ಸುರಿದಿದ್ದ ಗಂಡನಿಗೆ ಹೆಂಡತಿ ಈ ಸಲ ಒಪ್ಪಲಿಲ್ಲ. ಇಂಗ್ಲಿಷ್ ಬರವಣಿಗೆ ಚೆನ್ನಾಗಿ ಬಾರದ ಆತನು ಔಷಧಿಯಂಗಡಿಯವನ ನೆರವಿನಿಂದ ೧೮೭೨ರಲ್ಲಿ ಲೀವೈಗೆ ಪತ್ರ ಬರೆಯಿಸಿದನು: ನೀವು ಹಣ ಹಾಕಿ, ಹಕ್ಕು ಇಬ್ಬರಿಗೂ ಇರಲಿ ಎಂಬುದು ಅದರ ತಾತ್ಪರ್ಯ. ಲೀವೈ ಒಪ್ಪಿದನು. ಅದು ಆತನ ಬಾಳಿನ ಅತ್ಯಂತ ಲಾಭದ ಒಪ್ಪಿಗೆ. ೧೮೭೩ರ ಮೇ ೨೦ರಂದು ೧೩೯೧೨೧ನೆಯ ಸಂಖ್ಯೆಯ ಪೇಟೆಂಟು ದೊರೆಯಿತು. ಡೇವಿಸನು ಸಾನ್‌ಫ್ರಾನ್ಸಿಸ್ಕೋಗೆ ಬಂದು ಹೊಲಿಗೆಯ ಮೇಲ್ವಿಚಾರಕನಾದನು.

ಆಗ ಇದಕ್ಕೆ ಜೀನ್ಸ್ ಎಂಬ ಹೆಸರಿರಲಿಲ್ಲ, ಓವರಾಲ್ ಎನ್ನುತ್ತಿದ್ದರು. ಒಳಗಿನ ಬಟ್ಟೆ ಕೊಳೆಯಾಗದಿರಲೆಂದು ಮೇಲೆ ತೊಡುವುದರಿಂದ ಆ ಹೆಸರು. ಸೊಂಟಕ್ಕೆ ನಿಲ್ಲುವುದು ಒಂದು, ಎದೆಯವರೆಗೆ ಏರಿ ಹೆಗಲ ಪಟ್ಟಿಗಳಿಂದ ತೂಗುವುದು ಇನ್ನೊಂದು. ಎರಡನೆಯದನ್ನು ಇಂಗ್ಲೆಂಡಿನವರು ಡಂಗರಿ ಎಂದರು. ಇದು ಮುಂಬಯಿಯ ಡೋಂಗ್ರಿಯಿಂದ ಹೋದ ಮಾತು: ಅಲ್ಲಿನ ಒರಟು ಹತ್ತಿಬಟ್ಟೆ ೧೭ನೆಯ ಶತಮಾನದಿಂದಲೇ ಇಂಗ್ಲಿಷರ ಹಡಗುಗಳಿಗೆ ಪರಿಚಿತವಾಗಿತ್ತು. ನೀಲಿಯ ಇಂಗ್ಲಿಷ್ ಹೆಸರಾದ ಇಂಡಿಗೋದಲ್ಲಿಯೂ ಇಂಡಿಯಾ ಅಡಗಿದೆಯಷ್ಟೆ.

ಲೀವೈಯ ಬಾಳಿನಲ್ಲಿ ಒಂದು ಕಲೆಯುಂಟು; ಅದನ್ನು ಮುಚ್ಚಿ ಬರೆಯಲಾಗದು. ಚೀನೀಯರು ಅಮೆರಿಕಕ್ಕೆ ಬಾರದಂತೆ ತಡೆದ ೧೮೮೨ರ ಕಾಯಿದೆಯ ನಂತರ, ತಮ್ಮ ಷರಾಯಿಗಳು ಬಿಳಿಯ ಕೆಲಸಗಾರರಿಂದಲೇ ಸಿದ್ಧವಾದವೆಂದು ಆತನ ಸಂಸ್ಥೆ ಬಟ್ಟೆಯ ಮೇಲೆ ಅಚ್ಚೊತ್ತಿಸಿತು. ೧೮೯೦ರ ದಶಕದಲ್ಲಿ ಕೈಬಿಟ್ಟಿತು. ಹುಟ್ಟಿದ ಊರಿನಲ್ಲಿ ಕುಲದ ಕಾರಣದಿಂದ ನಿರ್ಬಂಧ ಉಂಡವನ ಅಂಗಡಿಯಿಂದ ಈ ಮಾತು ಹೊರಟಿತೆಂಬುದು ಓದಿದವರಿಗೆ ಚುಚ್ಚದಿರದು. ಅದೇ ಮನುಷ್ಯನು ಅನಾಥಾಲಯಗಳಿಗೆ ಕೈಬಿಚ್ಚಿ ಕೊಟ್ಟನು. ೧೮೯೭ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ೨೮ ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿದನು. ಎರಡೂ ನಿಜ.

ಮದುವೆಯಾಗದೆ ಉಳಿದ ಲೀವೈ ೧೯೦೨ರ ಸೆಪ್ಟೆಂಬರ್ ೨೬ರಂದು ತೀರಿಕೊಂಡನು. ಸಂಸ್ಥೆ ನಾಲ್ವರು ಸೋದರಳಿಯಂದಿರ ಪಾಲಾಯಿತು. ೧೯೦೬ರ ಭೂಕಂಪ ಮತ್ತು ಬೆಂಕಿಯಲ್ಲಿ ಅಂಗಡಿಯೂ ಕಡತಗಳೂ ಸುಟ್ಟುಹೋದವು. ದಾಖಲೆಯಿಲ್ಲದ ಆ ಬಯಲಿನಲ್ಲಿಯೇ ಡೇರೆಯ ಬಟ್ಟೆಯ ಕಥೆ ಬೆಳೆಯಿತು.

ಉಡುಪು ಮಾತ್ರ ಕೆಲಸದಿಂದ ಬಿಡುವಿಗೆ ಮೆಲ್ಲಗೆ ಸರಿಯಿತು. ೧೯೧೨ರಲ್ಲಿ ಡೇವಿಸನ ಮಗ ಸೈಮನ್ನನು ಮಕ್ಕಳ ಆಟಕ್ಕೆಂದು ಒಂದೇ ತುಂಡಿನ ಓವರಾಲನ್ನು ರೂಪಿಸಿದನು. ೧೯೩೪ರಲ್ಲಿ ಹೆಂಗಸರ ಷರಾಯಿ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಕಾರ್ಖಾನೆ ಸೇರಿದ ಸ್ತ್ರೀಯರು ಓವರಾಲನ್ನು ತೊಟ್ಟು ಅಭ್ಯಾಸವಾದರು. ೧೯೫೩ರಲ್ಲಿ ಮಾರ್ಲನ್ ಬ್ರಾಂಡೋ, ೧೯೫೫ರಲ್ಲಿ ಜೇಮ್ಸ್ ಡೀನ್ ಬೆಳ್ಳಿತೆರೆಯಲ್ಲಿ ಇದನ್ನು ತೊಟ್ಟು ಬಂದ ಮೇಲೆ ಹುಡುಗರಿಗೆ ಅದು ಹಿರಿಯರ ಮಾತು ಮೀರುವ ಗುರುತಾಯಿತು. ಅಲ್ಲಿನ ಕೆಲವು ಶಾಲೆಗಳು ನಿಷೇಧಿಸಿದವು. ೧೯೬೦ರ ಸುಮಾರಿಗೆ ಸಂಸ್ಥೆಯೂ ಓವರಾಲ್ ಎಂಬ ಮಾತನ್ನು ಬಿಟ್ಟು ಜೀನ್ಸ್ ಎಂದಿತು.

ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಇದರ ಮನೆ ಬಳ್ಳಾರಿ. ಅಲ್ಲಿ ನೂರಾರು ಸಣ್ಣ ಘಟಕಗಳು ಜೀನ್ಸ್ ಹೊಲಿಯುತ್ತವೆ. ಕತ್ತರಿಸಿದ ಬಟ್ಟೆಯನ್ನು ಮನೆಗೆ ಒಯ್ದು ಹೊಲಿದು ಎಣಿಕೆಯ ಮೇಲೆ ಕೂಲಿ ಪಡೆಯುವವರೂ ಉಂಟು. ಕಲಬುರಗಿಯಲ್ಲಿ ನೂಲು ತೆಗೆದು ಬಟ್ಟೆ ನೆಯ್ದ ಮಹಬೂಬ್ ಶಾಹಿ ಮಿಲ್ಲು ಮುಚ್ಚಿಹೋಗಿದೆ. ಬಡಾವಣೆಗೆ ಅಂಟಿಕೊಂಡು ನಿಜಾಮನ ಹೆಸರು ಉಳಿದಿದೆ, ಮಗ್ಗದ ಮುಂದೆ ನಿಂತವರದು ಉಳಿದಿಲ್ಲ.

ಜೇಕಬ್ ಡೇವಿಸನು ೧೯೦೮ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡನು. ಪೇಟೆಂಟಿನ ಕಾಗದದಲ್ಲಿ ಕಲ್ಪಕನೆಂದು ನಮೂದಾಗಿರುವುದು ಆತನ ಹೆಸರೇ. ಷರಾಯಿಯ ಹಿಂಬದಿಯ ಚೀಟಿಯಲ್ಲಿ ಇರುವುದು ಲೀವೈ ಸ್ಟ್ರಾಸನದು.