ಗೆರೆಗಳಿಂದ ಲೆಕ್ಕ ಬಿಡಿಸಿದ ವಿಜ್ಞಾನಿ: ರಿಚರ್ಡ್ ಫೈನ್‌ಮನ್

ಚಿತ್ರವನ್ನೂ ಬಿಡಿಸುತ್ತೇವೆ, ಲೆಕ್ಕವನ್ನೂ ಬಿಡಿಸುತ್ತೇವೆ. ನಮ್ಮ ನುಡಿಯಲ್ಲಿ ಎರಡಕ್ಕೂ ಒಂದೇ ಮಾತು. ಭೌತಶಾಸ್ತ್ರದಲ್ಲಿ ಇವೆರಡನ್ನೂ ಒಂದೇ ಕಾರ್ಯವನ್ನಾಗಿ ಮಾಡಿ ತೋರಿಸಿದವರು ಅಮೆರಿಕದ ವಿಜ್ಞಾನಿ ರಿಚರ್ಡ್ ಫೈನ್‌ಮನ್.

1918ನೆಯ ಇಸವಿ ಮೇ 11ರಂದು ನ್ಯೂಯಾರ್ಕ್ ನಗರದಲ್ಲಿ ಅವರ ಜನನವಾಯಿತು. ತಂದೆ ಮೆಲ್ವಿಲ್ಲರು ಸಮವಸ್ತ್ರಗಳ ವ್ಯಾಪಾರದಲ್ಲಿದ್ದವರು. ಅವರು ಮಗನನ್ನು ಕಾಡಿನ ಹಾದಿಯಲ್ಲಿ ಕರೆದೊಯ್ದು, ಹಕ್ಕಿಯ ಹೆಸರನ್ನು ಬಲ್ಲ ಮಾತ್ರಕ್ಕೆ ಹಕ್ಕಿಯನ್ನು ಬಲ್ಲಂತಾಗದು, ಅದು ಮಾಡುವುದನ್ನು ಕಣ್ಣಿಟ್ಟು ನೋಡಬೇಕೆಂದು ತಿಳಿಸಿಕೊಟ್ಟರು. ಆ ಪಾಠ ಬಾಲಕನ ಮನಸ್ಸಿನಲ್ಲಿ ಬೇರೂರಿತು. ನೆರೆಹೊರೆಯವರ ಕೆಟ್ಟ ರೇಡಿಯೋಗಳನ್ನು ಸರಿಪಡಿಸುತ್ತ ಬೆಳೆದ ಅವರು 1939ರಲ್ಲಿ ಪದವೀಧರರಾಗಿ, 1942ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು.

ಅದೇ ವರ್ಷ ಅವರು ಹರೆಯದ ದಿನಗಳ ಗೆಳತಿ ಆರ್ಲೀನರ ಕೈಹಿಡಿದರು. ಆಕೆಗೆ ಕ್ಷಯರೋಗ ತಗುಲಿತ್ತು. ಹಿರಿಯರು ಬೇಡವೆಂದರೂ ಫೈನ್‌ಮನ್ನರು ಕೊಟ್ಟ ಮಾತಿನಿಂದ ಹಿಂಜರಿಯಲಿಲ್ಲ. 1943ರಲ್ಲಿ ಅಣುಬಾಂಬಿನ ಕಾರ್ಯಕ್ಕಾಗಿ ಲಾಸ್ ಅಲಮೋಸಿಗೆ ಹೋದಾಗ, ದೂರದ ಆಲ್ಬುಕರ್ಕಿಯ ಆಸ್ಪತ್ರೆಯಲ್ಲಿದ್ದ ಪತ್ನಿಯನ್ನು ವಾರದ ಕೊನೆಯಲ್ಲಿ ಕಂಡುಬರುತ್ತಿದ್ದರು. 1945ರ ಜೂನ್ 16ರಂದು ಆಕೆ ತೀರಿಕೊಂಡರು. ಸರಿಯಾಗಿ ಒಂದು ತಿಂಗಳಿಗೆ ಅಣುಬಾಂಬಿನ ಮೊದಲ ಪರೀಕ್ಷಾಸ್ಫೋಟವನ್ನು ಫೈನ್‌ಮನ್ನರು ಕಣ್ಣಾರೆ ಕಂಡರು.

ಯುದ್ಧಾನಂತರ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರೂ ಸಂಶೋಧನೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದು ದಿನ ಊಟದ ಮನೆಯಲ್ಲಿ ಯಾರೋ ಮೇಲಕ್ಕೆಸೆದ ತಟ್ಟೆಯೊಂದು ಓಲಾಡುತ್ತ ತಿರುಗಿದುದು ಅವರ ಕಣ್ಣಿಗೆ ಬಿತ್ತು. ಪ್ರಯೋಜನವನ್ನು ಬಯಸದೆ, ಬರಿಯ ಕುತೂಹಲದಿಂದ ಅದರ ಲೆಕ್ಕ ಹಾಕಿದರು. ಬತ್ತಿದ ಉತ್ಸಾಹ ಮತ್ತೆ ಚಿಗುರಿತು.

ಎಲೆಕ್ಟ್ರಾನುಗಳಿಗೂ ಬೆಳಕಿಗೂ ಇರುವ ವ್ಯವಹಾರವನ್ನು ಲೆಕ್ಕ ಹಾಕುವುದು ಆಗ ಬಲು ತೊಡಕಿನ ಕಾರ್ಯವಾಗಿತ್ತು. ಹಾಳೆಗಟ್ಟಲೆ ಗಣಿತ ಬರೆದರೂ ಉತ್ತರ ಅನಂತವೆಂದು ಬರುತ್ತಿತ್ತು. ಫೈನ್‌ಮನ್ನರು ಅದಕ್ಕೆ ಚಿತ್ರಗಳನ್ನು ರಚಿಸಿದರು. ಕಾಗದದ ಮೇಲೆ ಕಾಲವು ಕೆಳಗಿನಿಂದ ಮೇಲಕ್ಕೆ ಸಾಗುವುದೆಂದು ಭಾವಿಸಿರಿ. ಎರಡು ನೇರಗೆರೆಗಳು ಎರಡು ಎಲೆಕ್ಟ್ರಾನುಗಳು. ಅವು ಸಮೀಪಿಸಿದಾಗ ಒಂದು ಎಲೆಕ್ಟ್ರಾನು ಬೆಳಕಿನ ಕಣವಾದ ಫೋಟಾನನ್ನು ಹೊರಬಿಡುತ್ತದೆ. ಮತ್ತೊಂದು ಅದನ್ನು ಹೀರಿಕೊಳ್ಳುತ್ತದೆ. ನಡುವಣ ಅಲೆಯಲೆಯಾದ ಗೆರೆಯೇ ಆ ಫೋಟಾನು. ಬಳಿಕ ಎಲೆಕ್ಟ್ರಾನುಗಳೆರಡೂ ದಿಕ್ಕು ಬದಲಿಸಿ ದೂರ ಸರಿಯುತ್ತವೆ. ಪಾಸಿಟ್ರಾನನ್ನು ಕಾಲದಲ್ಲಿ ಹಿಮ್ಮೊಗವಾಗಿ ನಡೆಯುವ ಎಲೆಕ್ಟ್ರಾನಿನಂತೆ ಬರೆಯಬಹುದು.

1948ರ ವಸಂತಕಾಲದಲ್ಲಿ ಪೆನ್ಸಿಲ್ವೇನಿಯಾದ ಪೊಕೊನೊದಲ್ಲಿ ನೆರೆದ ವಿಜ್ಞಾನಿಗಳ ಮುಂದೆ ಅವರು ಈ ವಿಧಾನವನ್ನು ಮಂಡಿಸಿದರು. ಸಭೆಗೆ ಅದು ರುಚಿಸಲಿಲ್ಲ. ಎಲೆಕ್ಟ್ರಾನಿಗೆ ನಿಶ್ಚಿತವಾದ ದಾರಿಯೇ ಇಲ್ಲವೆಂಬ ಮೂಲಪಾಠವನ್ನು ಈ ತರುಣನು ಅರಿತಿಲ್ಲವೆಂದು ಹಿರಿಯರಾದ ನೀಲ್ಸ್ ಬೋರರು ಆಕ್ಷೇಪಿಸಿದರು. ಆದರೆ ಆ ಗೆರೆಗಳು ಕಣಗಳು ನಡೆದ ದಾರಿಯ ಪಡಿಯಚ್ಚುಗಳಲ್ಲ. ಒಂದೊಂದು ಗೆರೆಗೂ, ಗೆರೆಗಳು ಕೂಡುವ ಒಂದೊಂದು ಸಂಧಿಗೂ ಗೊತ್ತಾದ ಗಣಿತದ ಅಂಶವುಂಟು. ಅವುಗಳನ್ನು ಗುಣಿಸಿದರೆ ಒಂದು ಚಿತ್ರದ ಪಾಲು ದೊರೆಯುತ್ತದೆ. ಒಂದೇ ಘಟನೆಗೆ ಸಲ್ಲುವ ಹಲವು ಚಿತ್ರಗಳ ಪಾಲುಗಳನ್ನು ಕೂಡಿಸಿ, ಆ ಮೊತ್ತದಿಂದ ಘಟನೆಯ ಸಂಭವನೀಯತೆಯನ್ನು ಪಡೆಯಬೇಕು.

ಫೈನ್‌ಮನ್ನರು ಎದೆಗುಂದದೆ 1949ರಲ್ಲಿ ತಮ್ಮ ಪ್ರಬಂಧಗಳನ್ನು ಪ್ರಕಟಿಸಿದರು. ಜೂಲಿಯನ್ ಶ್ವಿಂಗರರೂ ಜಪಾನಿನ ತೊಮೊನಾಗರೂ ಬೇರೆ ಮಾರ್ಗಗಳಿಂದ ಸಾಧಿಸಿದುದಕ್ಕೂ ಈ ಚಿತ್ರಗಳ ಫಲಕ್ಕೂ ಭೇದವಿಲ್ಲವೆಂದು ಫ್ರೀಮನ್ ಡೈಸನ್ನರು ಅದೇ ವರ್ಷ ತೋರಿಸಿಕೊಟ್ಟರು. 1965ರಲ್ಲಿ ಫೈನ್‌ಮನ್, ಶ್ವಿಂಗರ್, ತೊಮೊನಾಗ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. ಕಣಭೌತಶಾಸ್ತ್ರವನ್ನು ಅಭ್ಯಾಸ ಮಾಡುವವರು ಇಂದಿಗೂ ಆ ಗೆರೆಗಳಿಂದಲೇ ಲೆಕ್ಕ ಆರಂಭಿಸುತ್ತಾರೆ.

ಕಣ್ಣಿಗೆ ಕಾಣುವಂತೆ ತೋರಿಸಬೇಕೆಂಬ ಹಟ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1986ರಲ್ಲಿ ಚಾಲೆಂಜರ್ ಗಗನನೌಕೆ ನಾಶವಾಗಿ ಏಳು ಮಂದಿ ಮಡಿದಾಗ, ರೋಗಪೀಡಿತರಾಗಿದ್ದ ಫೈನ್‌ಮನ್ನರು ವಿಚಾರಣಾ ಮಂಡಲಿಯ ಸದಸ್ಯರಾದರು. ನೌಕೆಯ ಕೀಲುಗಳಲ್ಲಿ ಬಳಸಿದ್ದ ರಬ್ಬರಿನ ತುಣುಕನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ, ಚಳಿಯಲ್ಲಿ ಅದು ತನ್ನ ಪುಟಿತವನ್ನು ಕಳೆದುಕೊಳ್ಳುವುದನ್ನು ತುಂಬಿದ ಸಭೆಯಲ್ಲಿ ತೋರಿಸಿದರು. 1988ರ ಫೆಬ್ರವರಿ 15ರಂದು ಲಾಸ್ ಏಂಜಲೀಸಿನಲ್ಲಿ ಅವರು ಕಾಲವಾದರು.

ವಿದ್ಯಾರ್ಥಿಮಿತ್ರರೇ, ಪುಸ್ತಕದ ಚಿತ್ರವನ್ನು ನಕಲು ಮಾಡುವುದು ಸುಲಭ. ಅದರ ಒಂದೊಂದು ಗೆರೆಯ ಅರ್ಥವನ್ನು ಹೇಳಬಲ್ಲೆವೆ ಎಂದು ಕೇಳಿಕೊಳ್ಳುವುದು ಕಷ್ಟ. ಹಕ್ಕಿಯ ಹೆಸರಿಗೆ ತೃಪ್ತನಾಗದ ಬಾಲಕನು ನಮಗೆ ಬಿಟ್ಟುಹೋದ ಪ್ರಶ್ನೆ ಅದು.