ಕೋವಿ ಕೆಳಗಿಟ್ಟ ಬೇಟೆಗಾರ ಕೆನೆತ್ ಆಂಡರ್ಸನ್



ಈ ಸಲದ ಜೀವನ ಚರಿತ್ರೆಗೆ ನಾನು ಕೆನೆತ್ ಆಂಡರ್ಸನ್ ಅವರ ಹೆಸರು ಹೇಳಿದಾಗ ನಮ್ಮ ಕ್ಲಾಸಿನಲ್ಲಿ ಗಲಾಟೆಯೇ ಆಯಿತು. ಹುಲಿ ಕೊಂದವರನ್ನು ಗಾಂಧೀಜಿ, ವಿಶ್ವೇಶ್ವರಯ್ಯನವರ ಪಕ್ಕದಲ್ಲಿ ಹಾಕೋದಾ ಅಂತ ಅರ್ಧ ಜನ ಮುಖ ಗಂಟು ಹಾಕಿಕೊಂಡರು. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಆದರೂ ಬರೆದಿದ್ದೇನೆ, ಓದಿ ನೀವೇ ತೀರ್ಮಾನ ಮಾಡಿ.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದಿನ ಹತ್ತಿರದ ಬೊಲಾರಂನಲ್ಲಿ. ವಂಶ ಸ್ಕಾಟ್ಲೆಂಡಿನದು, ಬೆಳೆದದ್ದು ಮಾತ್ರ ನಮ್ಮ ಬೆಂಗಳೂರಿನಲ್ಲಿ. ಬಿಷಪ್ ಕಾಟನ್ ಶಾಲೆ, ಸೇಂಟ್ ಜೋಸೆಫ್ ಕಾಲೇಜುಗಳಲ್ಲಿ ಓದಿದರು. ಕಾನೂನು ಕಲಿಯಲಿ ಅಂತ ಎಡಿನ್‌ಬರೋಗೆ ಕಳಿಸಿದರೆ, ಓದು ಅರ್ಧಕ್ಕೇ ಬಿಟ್ಟು ವಾಪಸ್ ಬಂದುಬಿಟ್ಟರು. ಅಂಚೆ ತಂತಿ ಇಲಾಖೆಯಲ್ಲಿ ಕೆಲಸ ಮಾಡಿ, ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಸೇರಿದರು. ನಮ್ಮ ಹೊಸಕೋಟೆಯಿಂದ ಬೆಂಗಳೂರಿಗೆ ಹೋಗುವ ಬಸ್ಸು ಕೆ.ಆರ್. ಪುರ ದಾಟುತ್ತಲ್ಲ, ಅಲ್ಲಿಂದ ಆ ಕಾರ್ಖಾನೆ ದೂರವೇನಲ್ಲ.

ಅವರ ತಂದೆಯೂ ಬೇಟೆಗಾರರೇ. ಹಾಗಾಗಿ ಚಿಕ್ಕಂದಿನಲ್ಲೇ ಕೋವಿಯ ರುಚಿ ಹತ್ತಿತು. ಆ ಕಾಲದಲ್ಲಿ ಅದು ತಪ್ಪು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ, ದೊಡ್ಡ ಮನುಷ್ಯರ ಆಟ ಅಷ್ಟೇ.

ಇಲ್ಲಿ ಕೋವಿಯ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮ ತಾತನ ಹತ್ತಿರ ಲೈಸೆನ್ಸಿನ ಒಂದು ನಾಟಿ ಕೋವಿ ಇತ್ತು. ಬಾಯಿ ಕಡೆಯಿಂದ ಮದ್ದು ಸುರಿದು, ಚಿಂದಿ ತುರುಕಿ, ಚರೆ ಹಾಕಿ, ಕಂಬಿಯಲ್ಲಿ ಜಡಿಯಬೇಕು. ರಾಗಿ ಹೊಲಕ್ಕೆ ಬೀಳೋ ಹಂದಿ ಓಡಿಸೋಕೆ ಬಿಟ್ಟರೆ ಅದು ಹೊರಗೆ ಬಂದದ್ದು ಎಲೆಕ್ಷನ್ ಟೈಮಲ್ಲಿ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸೋಕೆ ಮಾತ್ರ! ಇದಕ್ಕಿಂತ ಮೇಲಿನದು ತೋಟಾ ಹಾಕುವ ಜೋಡು ನಳಿಗೆ ಕೋವಿ, ಅಂದರೆ 12 ಬೋರ್. ಒಂದು ಪೌಂಡು ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಹಿಡಿಯುವಷ್ಟು ಅಗಲದ ನಳಿಗೆ ಅಂತ ಆ ಹೆಸರಿನ ಲೆಕ್ಕ. ಹಕ್ಕಿಗೆ ಸಣ್ಣ ಚರೆ, ಹಂದಿಗೆ ದಪ್ಪ ಚರೆ. ಆದರೆ ನಲವತ್ತು ಗಜ ದಾಟಿತೋ, ಚರೆಯೆಲ್ಲ ಚೆಲ್ಲಾಪಿಲ್ಲಿ.

ಆಂಡರ್ಸನ್ನರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಇದೇ. ಯಾರೋ ಕತ್ತಲಲ್ಲಿ ನಾಟಿ ಕೋವಿಯಿಂದಲೋ ಚರೆ ಕೋವಿಯಿಂದಲೋ ಹುಲಿಗೆ ಈಡು ಹೊಡೀತಾರೆ. ನಾಲ್ಕು ಚರೆ ತಗುಲಿದ ಹುಲಿ ಸಾಯೋದಿಲ್ಲ, ಕುಂಟುತ್ತಾ ಹೋಗುತ್ತೆ. ಗಾಯ ಕೀವು ಕಟ್ಟಿ ಕಾಲು ಊರಲಾಗದೆ, ಜಿಂಕೆ ಹಿಡಿಯಲಾಗದೆ, ಮೊದಲು ದನಕ್ಕೆ, ಆಮೇಲೆ ದನ ಕಾಯುವವರ ಮೇಲೆ ಬೀಳುತ್ತೆ. ಹೊಡೆದವನು ಮನೆಯಲ್ಲಿ ಹಾಯಾಗಿ ಮಲಗಿರುತ್ತಾನೆ. ಸಾಯೋದು ಸೌದೆಗೆ ಹೋದ ಹೆಂಗಸು. ನರಭಕ್ಷಕಗಳು ಹುಟ್ಟುವುದಕ್ಕೆ ಮುಳ್ಳುಹಂದಿಯ ಮುಳ್ಳು, ಮುಪ್ಪು ಹೀಗೆ ಬೇರೆ ಕಾರಣಗಳೂ ಉಂಟು. ಆದರೆ ನನಗೆ ಹೊಟ್ಟೆ ಉರಿಸಿದ್ದು ಇದು.

ಅದಕ್ಕೇ ದೊಡ್ಡ ಪ್ರಾಣಿಗೆ ಅವರು ನೆಚ್ಚಿಕೊಂಡದ್ದು ರೈಫಲನ್ನು. ಒಂದೇ ಗುಂಡು, ಗಿರ್ರನೆ ತಿರುಗುತ್ತಾ ನೇರ ಹೋಗುತ್ತೆ. ಅವರದು .405 ವಿಂಚೆಸ್ಟರ್, 1895ರ ಮಾಡೆಲ್. ಕೆಳಗಿನ ಹಿಡಿಯನ್ನು ಎಳೆದು ಮೇಲೆತ್ತಿದರೆ ಖಾಲಿ ತೋಟಾ ಹಾರಿ ಹೊಸದು ಕೂತುಕೊಳ್ಳುತ್ತೆ. ಗುಂಡಿನ ತೂಕ ಸುಮಾರು 19 ಗ್ರಾಂ. ಅಮೆರಿಕದ ರೂಸ್ವೆಲ್ಟರು 1909ರಲ್ಲಿ ಆಫ್ರಿಕಾಗೆ ತಗೊಂಡು ಹೋದದ್ದೂ ಇಂಥದ್ದೇ. ಆಮೇಲೆ ಎಷ್ಟೋ ಹೊಸ ರೈಫಲ್‌ಗಳು ಬಂದವು, ಆಂಡರ್ಸನ್ನರು ಮಾತ್ರ ಹಳೇ .405 ಬಿಡಲಿಲ್ಲ. ರಾತ್ರಿಗೆ ಅದಕ್ಕೊಂದು ಬ್ಯಾಟರಿ ಕಟ್ಟಿಕೊಳ್ಳುತ್ತಿದ್ದರು.

ಗುಮ್ಮಳಾಪುರದ ಚಿರತೆಯ ಕತೆ ಗೊತ್ತಾ? ಈ ಊರು ಹೊಸೂರಿನ ಆಚೆ, ತಳಿ ಕಡೆ ಇದೆ. ಅಲ್ಲಿ ಒಂದು ಚಿರತೆ 42 ಜನರನ್ನು ತಿಂದಿತ್ತು. ಹೊತ್ತು ಮುಳುಗುವ ಮೊದಲೇ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಆಂಡರ್ಸನ್ನರು ಅಲ್ಲಿ ರಾತ್ರಿಗಟ್ಟಲೆ ಕಾದರು. ಮನುಷ್ಯನ ಕಿವಿಗೆ ಚಿರತೆಯ ಹೆಜ್ಜೆ ಕೇಳೋದಿಲ್ಲ ಅಂತ ಒಂದು ಊರನಾಯಿಯನ್ನು ಜೊತೆಗಿಟ್ಟುಕೊಂಡರು. ಅಪಾಯ ಬಾಗಿಲಿಗೆ ಬಂದಾಗ ಮೊದಲು ಎಚ್ಚರಿಸಿದ್ದು ಆ ನಾಯಿಯೇ. ಹೆಸರು ಬಂದದ್ದು ಬೇಟೆಗಾರನಿಗೆ, ಅರ್ಧ ಕೆಲಸ ನಾಯಿಯದು! ಅರಸೀಕೆರೆ ಕಡೆಯ ಒಂದು ಕರಡಿ 12 ಜನರನ್ನು ಕೊಂದು ಹತ್ತಾರು ಜನರ ಮುಖ ಕಿತ್ತಿತ್ತು. ಅದನ್ನೂ ಇವರೇ ಕೊಂದರು. ಸರ್ಕಾರದ ದಾಖಲೆಯಲ್ಲಿ 1939ರಿಂದ 1966ರವರೆಗೆ ಅವರು ಕೊಂದ ನರಭಕ್ಷಕಗಳು ಎಂಟು ಚಿರತೆ, ಏಳು ಹುಲಿ. ಕಾಡು ಓದುವುದನ್ನು ಅವರು ಕಲಿತದ್ದು ಬೈರನಂಥ ಕಾಡಿನ ಜನರಿಂದ. ಅದನ್ನು ಅವರು ಬಚ್ಚಿಡದೆ ಬರೆದಿದ್ದಾರೆ, ಅದು ನನಗೆ ಇಷ್ಟವಾಯಿತು.

ವಯಸ್ಸಾಗುತ್ತಾ ಮೋಜಿನ ಬೇಟೆಯ ಮೇಲೆ ಅವರಿಗೆ ಮನಸ್ಸೇ ಹೋಯಿತು. ಜನರನ್ನು ಕೊಲ್ಲುವ ಪ್ರಾಣಿ ಅಂತ ಖಾತ್ರಿಯಾದರೆ ಮಾತ್ರ ರೈಫಲ್ ಎತ್ತುವುದು, ಉಳಿದಂತೆ ಬರಿಗೈಯಲ್ಲಿ ಒಬ್ಬರೇ ಕಾಡಿಗೆ ಹೋಗಿ ಸುಮ್ಮನೆ ಕೂತು ಬರುವುದು. ಜೀಪಿನಲ್ಲಿ ಬಂದು ದೀಪ ಬಿಟ್ಟು ಜಿಂಕೆ ಹೊಡೆಯುವ ಪಟ್ಟಣದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. 1954ರಲ್ಲಿ ಮೊದಲ ಪುಸ್ತಕ ಬಂತು. ಆಮೇಲಿನ ಪುಸ್ತಕಗಳಲ್ಲಿ ಕಾಡು ಖಾಲಿಯಾಗುತ್ತಿದೆ ಎಂಬ ಸಂಕಟ ಎದ್ದು ಕಾಣುತ್ತದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾಗಿ ನಮ್ಮ ಬಂಡೀಪುರವೂ ಅದಕ್ಕೆ ಸೇರಿತು. 1974ರ ಆಗಸ್ಟ್ 30ರಂದು ಆಂಡರ್ಸನ್ನರು ಕ್ಯಾನ್ಸರ್‌ನಿಂದ ಬೆಂಗಳೂರಿನಲ್ಲಿ ತೀರಿಕೊಂಡರು.

ಮೋಜಿಗೆ ಕೊಂದ ದಿನಗಳನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಗುಮ್ಮಳಾಪುರದವರ ಜಾಗದಲ್ಲಿ ನಮ್ಮೂರು ಇದ್ದಿದ್ದರೆ ಯಾರನ್ನು ಕರೀತಿದ್ವಿ? ಈಗಾದರೆ ಫಾರೆಸ್ಟಿನವರು ಬೋನು ತರುತ್ತಾರೆ, ಮತ್ತಿನ ಔಷಧಿ ತರುತ್ತಾರೆ. ಆಗ ಅದ್ಯಾವುದೂ ಇರಲಿಲ್ಲ.

ಆಂಡರ್ಸನ್ನರ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ. ಕಾಡಿನ ಕತೆಗಳು ಅಂತ, ನಾಲ್ಕು ಭಾಗ. ಮೊದಲು ಜಾಲಹಳ್ಳಿಯ ಕುರ್ಕ ಓದಿ. ಈಗ ಮೆಟ್ರೋ ಓಡುವ ಜಾಲಹಳ್ಳಿಯಲ್ಲಿ ಆಗ ಚಿರತೆ ಓಡಾಡುತ್ತಿತ್ತು ಅಂದರೆ ನಂಬೋಕಾಗಲ್ಲ. ಹಗಲಿನಲ್ಲೇ ಓದಿ ಮುಗಿಸಿ. ರಾತ್ರಿ ಓದಿದ ನಾನು ಒಂದು ವಾರ ಹಿತ್ತಲಿಗೆ ಹೋಗೋಕೂ ಅಮ್ಮನ್ನ ಎಬ್ಬಿಸಿದ್ದೀನಿ.